ಟೀಮಿನಲ್ಲಿ ಒಬ್ಬರು "ಹೊಸಬರು ಟ್ರಾನ್ಸಾ? ನಮಗೆ ತಿಳ್ಕೊಳ್ಳೋ ಹಕ್ಕಿದೆ" ಅಂತ ಹಿಂದೆ ಬಿದ್ದಿದಾರೆ. ಯುಕೆ ಆಫೀಸು. ಮ್ಯಾನೇಜರ್ ಆಗಿ ಯಾರ ಪರ ನಿಲ್ಲಲಿ?

ಅಯ್ಯೋ, 2022ರಲ್ಲಿ ನಾನು ಕೂತಿದ್ದ ಕುರ್ಚಿಲೇ ಈಗ ನೀವು ಕೂತಿದೀರ. ನಂದೂ ಯುಕೆ ಆಫೀಸೇ. ನನ್ನ ಟೀಮಲ್ಲಿ ಒಬ್ಬ ಹಿರಿಯಾಕೆ ಇದ್ರು, ಲಿಂಗ ಹುಟ್ಟಿನಿಂದ ಬಂದದ್ದು, ಅದು ಬದಲಾಗಲ್ಲ ಅಂತ ಗಟ್ಟಿಯಾಗಿ ನಂಬಿದ್ದೋರು, ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಅದೇ ಟೀಮಲ್ಲಿ ಒಬ್ಬ ಟ್ರಾನ್ಸ್ ಹುಡುಗಿ, ಸೇರಿ ವರ್ಷದ ಮೇಲಾಗಿತ್ತು, ಆ ವಿಷಯ ಎಚ್ಆರ್‌ಗೂ ನನಗೂ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ. ನನಗಾದ್ರೂ ಗೊತ್ತಾಗಿದ್ದು ಹೇಗೆ ಅಂದ್ರೆ ಅವಳ ಡಿಗ್ರಿ ಸರ್ಟಿಫಿಕೇಟಲ್ಲಿ ಹಳೇ ಹೆಸರಿತ್ತು, ಸೇರೋ ಟೈಮಲ್ಲಿ ಎಚ್ಆರ್ ಅದರ ಬಗ್ಗೆ ಬರೆದ ಮೇಲ್‌ಗೆ ನನ್ನನ್ನೂ ಸಿಸಿ ಹಾಕಿದ್ರು (ಹಾಕೋ ಅಗತ್ಯವೇ ಇರಲಿಲ್ಲ, ಅದು ಬೇರೆ ಮಾತು).

ಒಂದಿನ ಹಿರಿಯಾಕೆ ಬಂದು, ಲೇಡೀಸ್ ಟಾಯ್ಲೆಟ್ ನಾವೂ ಬಳಸ್ತೀವಲ್ಲ, ಅವಳು ಯಾರು ಅಂತ ಹೇಳಿ, ಫೋರ್ಸ್ಟೇಟರ್ ಕೇಸ್ ಓದಿದೀರಾ ಅಂದ್ರು. ಓದಿರಲಿಲ್ಲ. ಆಮೇಲೆ ಓದ್ದೆ. ಹಿರಿಯಾಕೆ ಥರದ್ದೇ ನಂಬಿಕೆ ಬಹಿರಂಗವಾಗಿ ಹೇಳಿದ್ದಕ್ಕೆ ಕೆಲಸ ಹೋಯ್ತು ಅಂತ ಕೇಸ್ ಹಾಕಿದ್ದ ಮಾಯಾ ಫೋರ್ಸ್ಟೇಟರ್ ಅವರ ನಂಬಿಕೆಗೆ ಕಾನೂನಿನ ರಕ್ಷಣೆ ಇಲ್ಲ ಅಂತ 2019ರಲ್ಲಿ ಉದ್ಯೋಗ ಟ್ರಿಬ್ಯೂನಲ್ ಹೇಳಿತ್ತು, 2021ರ ಜೂನ್‌ನಲ್ಲಿ ಮೇಲ್ಮನವಿಯಲ್ಲಿ ಅದು ಉಲ್ಟಾ ಆಯ್ತು, ತಾರತಮ್ಯ ತಡೆಯೋ 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಆ ನಂಬಿಕೆಗೂ ರಕ್ಷಣೆ ಇದೆ ಅಂತ. ಅಲ್ಲೀತನಕ ಹಿರಿಯಾಕೆ ಹೇಳಿದ್ದು ಸರೀನೇ. ಆದ್ರೆ ಅದೇ ತೀರ್ಪಲ್ಲಿ, ಈ ನಂಬಿಕೆ ಇದೆ ಅಂದ ಮಾತ್ರಕ್ಕೆ ಟ್ರಾನ್ಸ್ ಜನರಿಗೆ ಕಿರುಕುಳ ಕೊಡೋಕೆ ಲೈಸೆನ್ಸ್ ಸಿಗಲ್ಲ ಅಂತಾನೂ ಇದೆ, ಅದನ್ನ ಯಾರೂ ಹೇಳಲ್ಲ.

ಈಗ ನಾನು ಮಾಡಿದ ಘನಕಾರ್ಯ ಕೇಳಿ. ಎಚ್ಆರ್‌ನ ಕೇಳೋಣ ಅಂತ ಹೊಸ ಮೇಲ್ ಬರೀಲಿಲ್ಲ, ಸೋಮಾರಿತನ, ಆ ಹುಡುಗಿ ಹೆಸರು ಹುಡುಕಿ ಸಿಕ್ಕಿದ ಹಳೇ ಮೇಲ್‌ಗೇ ರಿಪ್ಲೈ ಒತ್ತಿ "ಹೀಗೆ ಕೇಳ್ತಿದಾರೆ, ಏನು ಹೇಳ್ಲಿ" ಅಂದೆ. ಹಳೇ ಮೇಲ್ ಯಾವ್ದು? ಸರ್ಟಿಫಿಕೇಟ್‌ದೇ. ಎಚ್ಆರ್ ಚೆನ್ನಾಗೇ ಉತ್ತರ ಕೊಟ್ರು, ಯಾವ ಉದ್ಯೋಗಿಯ ವೈಯಕ್ತಿಕ ವಿವರವನ್ನೂ ನಾವು ಚರ್ಚೆ ಮಾಡಲ್ಲ, ನಿಮ್ಮ ಕಾಳಜಿಯನ್ನ ಬೇರೆಯಾಗಿ ಕೇಳ್ತೀವಿ ಅಂತ ನಾಲ್ಕೇ ಸಾಲು. ನನಗಿಂತ ನೀಟಾಗಿ ಬರೆದಿದಾರೆ, ಇದನ್ನೇ ಕಳಿಸೋಣ ಅಂತ ಹಿರಿಯಾಕೆಗೆ ಫೋನಲ್ಲೇ ಫಾರ್ವರ್ಡ್ ಮಾಡ್ದೆ. ಫೋನಲ್ಲಿ ನನಗೆ ಕಂಡಿದ್ದು ಆ ನಾಲ್ಕು ಸಾಲು, ಕೆಳಗೆ ಮೂರು ಚುಕ್ಕಿ. ಆ ಚುಕ್ಕಿ ಹಿಂದೆ ಹಿಂದಿನ ಮೇಲ್‌ಗಳ ಇಡೀ ಸರಣಿ ಮಡಚಿಕೊಂಡು ಕೂತಿತ್ತು, ಹಳೇ ಹೆಸರು, ಹೊಸ ಹೆಸರು, ಎಲ್ಲಾ. ಗುಟ್ಟು ಹೇಳಲ್ಲ ಅನ್ನೋ ಕಾಗದದ ಕೆಳಗೇ ಗುಟ್ಟು ಅಂಟಿಸಿ ಕಳಿಸಿದ ಮೂರ್ಖ ನಾನು. ಹತ್ತು ನಿಮಿಷಕ್ಕೆ ಗೊತ್ತಾಗಿ ರೀಕಾಲ್ ಒತ್ತಿದೆ, ರೀಕಾಲ್ ಆಗಲಿಲ್ಲ, "ಈ ಮೇಲ್ ವಾಪಸ್ ತಗೊಳ್ಳೋಕೆ ನೋಡ್ತಿದಾರೆ" ಅಂತ ಇನ್ನೊಂದು ಮೇಲ್ ಹೋಯ್ತು. ಓದದೇ ಬಿಡೋರೂ ಓದ್ತಾರೆ ಆಗ.

ಆ ಹುಡುಗಿ ಹತ್ರ ಜೆಂಡರ್ ರೆಕಗ್ನಿಷನ್ ಸರ್ಟಿಫಿಕೇಟ್ ಇತ್ತು, ಅಂದ್ರೆ ಬದಲಾದ ಲಿಂಗವನ್ನ ಕಾನೂನು ಒಪ್ಪಿದೆ ಅನ್ನೋ ಪತ್ರ. ಅಂಥವರ ಹಿಂದಿನ ವಿವರ ಕೆಲಸದ ಮೂಲಕ ಗೊತ್ತಾಗಿ ಅದನ್ನ ಬಯಲು ಮಾಡಿದ್ರೆ 2004ರ ಜೆಂಡರ್ ರೆಕಗ್ನಿಷನ್ ಆಕ್ಟ್‌ನ 22ನೇ ಸೆಕ್ಷನ್ ಪ್ರಕಾರ ಅದು ಕ್ರಿಮಿನಲ್ ಅಪರಾಧ, ಹೌದು, ಕ್ರಿಮಿನಲ್, ಕೆಲವು ವಿನಾಯಿತಿ ಬಿಟ್ಟು. ಅವಳು ಪೊಲೀಸ್‌ಗೆ ಹೋಗಲಿಲ್ಲ. ಎರಡು ತಿಂಗಳಿಗೆ ಕೆಲಸ ಬಿಟ್ಟಳು, ಕೊನೇ ದಿನ ಪಾಸ್ ತಂದು ನನ್ನ ಕೀಬೋರ್ಡ್ ಮೇಲೆ ಇಟ್ಟು ಹೋದಳು, ಮುಖ ನೋಡಲಿಲ್ಲ. ನನಗೆ ಫೈನಲ್ ವಾರ್ನಿಂಗ್. ಇನ್ನೂ ತಮಾಷೆ ಅಂದ್ರೆ ಕಂಪನಿಯವರು ಗಾಬರೀಲಿ ಆ ಹಿರಿಯಾಕೆ ಮೇಲೂ ಶಿಸ್ತುಕ್ರಮ ಶುರು ಮಾಡಿದ್ರು, ಪ್ರಶ್ನೆ ಕೇಳಿದ್ದಕ್ಕೆ! ಆಮೇಲೆ ವಕೀಲರು ಹೇಳಿದ ಮೇಲೆ ಕೈಬಿಟ್ಟು ಕ್ಷಮೆ ಕೇಳಿದ್ರು. ಮೇಲ್ ಹಿರಿಯಾಕೆ ಯಾರಿಗೂ ತೋರಿಸಿರಲಿಲ್ಲ, ಪಕ್ಕದವರು ಸ್ಕ್ರೀನಲ್ಲಿ ಓದಿದ್ದು.

ಅದಕ್ಕೇ ಹೇಳ್ತಿರೋದು, ಯಾರ ಪರ ಅನ್ನೋ ಪ್ರಶ್ನೇನೇ ಸರಿ ಇಲ್ಲ. ಅವರ ನಂಬಿಕೆ ಅವರದು, ಅದಕ್ಕೆ ಶಿಕ್ಷೆ ಕೊಡೋಕೆ ಹೋಗ್ಬೇಡಿ. ಇವರ ಮಾಹಿತಿ ಇವರದು, ಹೇಳೋಕೆ ನಿಮಗೆ ಅಧಿಕಾರ ಇಲ್ಲ. 2025ರ ಏಪ್ರಿಲ್‌ನಲ್ಲಿ ಯುಕೆ ಸುಪ್ರೀಂ ಕೋರ್ಟ್ ಈಕ್ವಾಲಿಟಿ ಆಕ್ಟ್‌ನಲ್ಲಿ ಹೆಣ್ಣು ಅಂದ್ರೆ ಹುಟ್ಟಿನ ಲಿಂಗ ಅಂತ ಹೇಳಿದೆ, ಅದನ್ನ ನಿಮ್ಮ ಮುಂದೆ ಹಿಡೀತಾರೆ, ಹಿಡೀಲಿ, ಆ ತೀರ್ಪು ಟಾಯ್ಲೆಟ್ ವ್ಯವಸ್ಥೆ ಬಗ್ಗೆ ಕಂಪನಿಗೆ ತಲೆನೋವು ತರಬಹುದು, ಆದ್ರೆ ಯಾರು ಟ್ರಾನ್ಸ್ ಅಂತ ಟೀಮಿಗೆ ಹೇಳಿ ಅಂತ ಅದರಲ್ಲಿಲ್ಲ. ಟ್ರಾನ್ಸ್ ಜನರಿಗೆ ತಾರತಮ್ಯದ ವಿರುದ್ಧ ರಕ್ಷಣೆ ಮುಂದುವರಿಯುತ್ತೆ ಅಂತಾನೂ ಅದೇ ಕೋರ್ಟ್ ಹೇಳಿದೆ. ದೂರನ್ನ ಮನುಷ್ಯರ ಮೇಲಿಂದ ಕಟ್ಟಡದ ಮೇಲೆ ತಿರುಗಿಸಿ. ಒಬ್ಬೊಬ್ಬರಿಗೆ ಒಂದೊಂದು, ಒಳಗಿಂದ ಚಿಲಕ ಹಾಕೋ ಪೂರ್ತಿ ರೂಮು ಇದ್ರೆ ಗಂಡು ಹೆಣ್ಣು ಬೇರೆ ಬೇರೆ ಬೇಕಿಲ್ಲ ಅಂತ 1992ರ ವರ್ಕ್‌ಪ್ಲೇಸ್ ರೆಗ್ಯುಲೇಷನ್ಸ್‌ನಲ್ಲೇ ಇದೆ. ನಮ್ಮಲ್ಲಿ ಆ ಹುಡುಗಿ ಹೋದ ಮೇಲೆ ಅಂಥ ರೂಮು ಮಾಡಿಸಿದ್ರು.

ಮತ್ತೆ ಅವರಿಗೆ ಇವತ್ತು ಉತ್ತರ ಬರೀತೀರಲ್ಲ, ರಿಪ್ಲೈ ಒತ್ತಬೇಡಿ, ಹೊಸ ಮೇಲ್ ತೆಗೀರಿ, ಲ್ಯಾಪ್‌ಟಾಪಲ್ಲಿ.