ನಮ್ಮ ಮನೆಗೇ ಯಾಕೆ ಬಂದರು?

ಪ್ರಶ್ನೆ: ಡಾಕ್ಟ್ರೇ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಅಂತ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಅತ್ತೆಯ ಬಿಪಿ ನೋಡಿದರು, ನನ್ನ ಬೆರಳು ಚುಚ್ಚಿ ರಕ್ತ ತೆಗೆದರು. ಪಕ್ಕದ ಮನೆಗೆ ಹೋಗಲೇ ಇಲ್ಲ. ಮಾತೆಲ್ಲ ಮಲಯಾಳದಲ್ಲಿ. ಅತ್ತೆಗೆ ಅರ್ಧವೂ ಗೊತ್ತಾಗಲಿಲ್ಲ, ಸುಮ್ನೆ ಹೌದು ಹೌದು ಅಂದರು. ನಾಲ್ಕು ಮನೆ ಕೇಳಿದರೆ ದೇಶದ ಆರೋಗ್ಯ ತಿಳಿಯುತ್ತದಾ? ರೇಷನ್ ಕಾರ್ಡಿಗೆ ಏನಾದರೂ ತೊಂದರೆ ಇದೆಯಾ?
– ಓದುಗರು, ಬದಿಯಡ್ಕ, ಕಾಸರಗೋಡು

ಉತ್ತರ: ರೇಷನ್ ಕಾರ್ಡಿನ ಚಿಂತೆ ಬಿಡಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಹೆಸರು ವರದಿಯಲ್ಲಿ ಬರುವುದಿಲ್ಲ. ಬೇಡವೆನಿಸಿದರೆ ರಕ್ತ ಕೊಡಲ್ಲ ಅನ್ನಬಹುದಿತ್ತು.

ಪಕ್ಕದ ಮನೆ ಬಿಟ್ಟದ್ದಕ್ಕೆ ಕಾರಣವಿದೆ. ಮೊದಲು ಆಯ್ದ ಜಾಗದ ಮನೆಗಳನ್ನೆಲ್ಲ ಪಟ್ಟಿ ಮಾಡುತ್ತಾರೆ. ಅದರಲ್ಲಿ ಲೆಕ್ಕದ ಪ್ರಕಾರ 22 ಮನೆ ಆರಿಸುತ್ತಾರೆ. ಆರಿಸಿದ ಮನೆಗೆ ಬೀಗ ಹಾಕಿದ್ದರೆ ಇನ್ನೊಮ್ಮೆ ಬರಬೇಕೇ ಹೊರತು, ಪಕ್ಕದವರು ಸಿಕ್ಕಿದರು ಅಂತ ಅವರನ್ನು ಕೇಳುವಂತಿಲ್ಲ. ಹಾಗೆ ಕೇಳಿದರೆ ಹಗಲು ಮನೆಯಲ್ಲಿ ಇರುವವರದ್ದಷ್ಟೇ ಲೆಕ್ಕ ಸಿಗುತ್ತದೆ, ತೋಟದ ಕೆಲಸಕ್ಕೆ ಹೋದವರು ತಪ್ಪಿಹೋಗುತ್ತಾರೆ. ಅಡಿಕೆ ವ್ಯಾಪಾರಿ ಗೋಣಿಯ ಬಾಯಲ್ಲಿದ್ದ ಅಡಿಕೆ ಮಾತ್ರ ನೋಡಿ ಧಾರಣೆ ಹೇಳುತ್ತಾನಾ? ತಳದಿಂದಲೂ ತೆಗೆದು ಕತ್ತರಿಸಿ ನೋಡುತ್ತಾನೆ ಅಲ್ವಾ. 2019–21ರ ಸಮೀಕ್ಷೆಯಲ್ಲಿ ದೇಶದ 707 ಜಿಲ್ಲೆಗಳಲ್ಲಿ ಹೀಗೆ 6.36 ಲಕ್ಷ ಮನೆ ಕೇಳಿದ್ದರು. ಸರಾಸರಿ ಜಿಲ್ಲೆಗೆ 900.

ಆಸ್ಪತ್ರೆಯ ದಾಖಲೆ ಸಾಲದಾ ಅನ್ನಬಹುದು. ನಮ್ಮ ಕಾಸರಗೋಡಿಗಂತೂ ಸಾಲದು. ಸ್ವಲ್ಪ ಜಾಸ್ತಿಯಾದರೆ ನಾವು ಮಂಗಳೂರಿಗೆ ಓಡುತ್ತೇವೆ. 2020ರ ಮಾರ್ಚ್‌ನಲ್ಲಿ ಕರ್ನಾಟಕದ ಕಡೆಗಿನ ತಲಪಾಡಿ ಗಡಿ ಮುಚ್ಚಿದಾಗ ಆ ಕಷ್ಟ ಎಲ್ಲರಿಗೂ ಗೊತ್ತಾಯಿತು. ನಮ್ಮ ಕಾಯಿಲೆಯ ಕಾಗದ ಇನ್ನೊಂದು ರಾಜ್ಯದಲ್ಲಿ ಕೂತಿರುತ್ತದೆ. ಇನ್ನು ಸುಸ್ತು ಅಂದುಕೊಂಡು ಆಸ್ಪತ್ರೆಗೇ ಹೋಗದ ಹೆಂಗಸರು ಎಷ್ಟಿಲ್ಲ! ಬೆರಳು ಚುಚ್ಚಿ ನೋಡಿದ್ದರಿಂದಲೇ ಅವರು ಲೆಕ್ಕಕ್ಕೆ ಸಿಕ್ಕಿದ್ದು. ಕೇರಳದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಇದ್ದವರು 2015–16ರಲ್ಲಿ ಶೇ. 34. 2019–21ರ ಸಮೀಕ್ಷೆಯಲ್ಲಿ ಶೇ. 36. ಆರೋಗ್ಯದಲ್ಲಿ ಮುಂದಿದ್ದೇವೆ ಎನ್ನುವ ರಾಜ್ಯದಲ್ಲೂ ಮೂವರಲ್ಲಿ ಒಬ್ಬಳಿಗೆ ರಕ್ತ ಕಡಿಮೆ! 1992–93ರಿಂದ ಸಮೀಕ್ಷೆ ಮತ್ತೆ ಮತ್ತೆ ನಡೆಯುತ್ತಿರುವುದರಿಂದಲೇ ಇಂಥ ಏರಿಳಿತ ಕಣ್ಣಿಗೆ ಬೀಳುತ್ತದೆ.

ಆದರೆ ನಿಮ್ಮ ಅತ್ತೆಯ ‘ಹೌದು ಹೌದು’ ನನಗೆ ಬೇಸರ ತಂದಿತು. ಐದು ವರ್ಷದೊಳಗಿನ ಮಕ್ಕಳಿಗೆ ಕಳೆದ ಎರಡು ವಾರದಲ್ಲಿ ಜ್ವರ ಬಂದಿತ್ತಾ ಅಂತ ತಾಯಂದಿರನ್ನು ಕೇಳುತ್ತಾರೆ. ಮಲಯಾಳದಲ್ಲಿ ಜ್ವರಕ್ಕೆ ‘ಪನಿ’ ಎನ್ನುತ್ತಾರೆ. ತುಳುವಿನಲ್ಲಿ ಪನಿ ಎಂದರೆ ಮಳೆಹನಿ. ತುಳು ಮನೆಯ ತಾಯಿ ‘ಹೌದು, ಪನಿ ಇತ್ತು’ ಅಂದರೆ ಮಳೆ ಬಂದದ್ದೂ ಜ್ವರವಾಗಿ ದಾಖಲಾಗಬಹುದು! ಪ್ರಶ್ನಾವಳಿ ಕನ್ನಡದಲ್ಲೂ ಇದೆ. ಗೊತ್ತಾಗದಿದ್ದರೆ ‘ಕನ್ನಡದಲ್ಲಿ ಕೇಳಿ’ ಎಂದು ಧೈರ್ಯವಾಗಿ ಹೇಳಿ. ಅದು ಸೊಕ್ಕಲ್ಲ. ತಪ್ಪು ಉತ್ತರಕ್ಕಿಂತ ‘ಗೊತ್ತಾಗಲಿಲ್ಲ’ ಎಂಬ ಉತ್ತರವೇ ಮೇಲು.

ಈ ಸಮೀಕ್ಷೆ ಎಲ್ಲವನ್ನೂ ಹಿಡಿಯುತ್ತದೆ ಅಂತಲ್ಲ. ಜಿಲ್ಲೆಯ ಲೆಕ್ಕದಲ್ಲಿ ಒಂದು ಹಳ್ಳಿಯ ನೋವು ಕರಗಿಹೋಗುತ್ತದೆ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಸಂಗತಿ ನೆನಪಿರಬಹುದು. 2000ದವರೆಗೂ ಅದು ನಡೆದಿತ್ತು. ಆ ತೋಟಗಳ ಸುತ್ತಲಿನ ಎಣ್ಮಕಜೆ, ಪಡ್ರೆಯ ಮಕ್ಕಳ ಕಾಯಿಲೆ-ಕಷ್ಟವನ್ನು ಮೊದಲು ಎತ್ತಿ ಹೇಳಿದ್ದು ಊರಿನವರು, ಊರಿನ ವೈದ್ಯರು. ಅಂಥದ್ದಕ್ಕೆ ಮನೆಮನೆಯ ಪ್ರತ್ಯೇಕ ತಪಾಸಣೆಯೇ ಬೇಕು.

ರಕ್ತ ನೋಡಿದ ಮೇಲೆ ಫಲಿತಾಂಶವನ್ನು ನಿಮಗೆ ಬರೆದುಕೊಟ್ಟಿರಬೇಕು. ಹುಡುಕಿ ನೋಡಿ. ಅದರಲ್ಲಿ ಹಿಮೋಗ್ಲೋಬಿನ್ ಬರೆದಿದ್ದು, ಅದು 12ಕ್ಕಿಂತ ಕಡಿಮೆ ಇದ್ದರೆ, ಬಸುರಿಯಾಗಿದ್ದರೆ 11ಕ್ಕಿಂತ ಕಡಿಮೆ ಇದ್ದರೆ, ಆ ಚೀಟಿ ಹಿಡಿದು ಈ ವಾರವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅತ್ತೆಯನ್ನೂ ಕರೆದುಕೊಂಡು ಹೋಗಿ, ಬಿಪಿ ಮತ್ತೊಮ್ಮೆ ನೋಡಿಸಿ.