ಅಮೆರಿಕದವರಿಗೆ ತಮ್ಮ ಸಂವಿಧಾನವೇ ಗೊತ್ತಿಲ್ಲವಂತೆ, ನಿಜವೇ? ಅಲ್ಲಿ ಪೌರನೀತಿ ಕಲಿಸುವುದಿಲ್ಲವೇ?

ಅಮೆರಿಕದ ಮೂವರಲ್ಲಿ ಇಬ್ಬರು ತಮ್ಮದೇ ದೇಶದ ಪೌರತ್ವ ಪರೀಕ್ಷೆಯಲ್ಲಿ ಅನುತ್ತೀರ್ಣರಾಗುತ್ತಾರೆ ಎಂದು ಓದಿದ್ದೀರಿ, ಅಲ್ಲಿನ ಶಾಲೆಗಳಲ್ಲಿ ಪೌರನೀತಿ ಎಂಬ ವಿಷಯವೇ ಇಲ್ಲವೇ ಎಂದು ಕೇಳಿದ್ದೀರಿ. ನಾನು ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದೇನೆ. ಆ ಪರೀಕ್ಷೆಯನ್ನು 2014ರಲ್ಲಿ ಎದುರಿಸಿದ್ದೇನೆ. ಮಗಳು ಓದಿದ್ದು ಇಲ್ಲಿನ ಸರ್ಕಾರಿ ಶಾಲೆಯಲ್ಲೇ. ಈ ವಿಷಯ ನನ್ನ ಮನಸ್ಸಿಗೆ ತೀರಾ ಹತ್ತಿರದ್ದು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ನೀವು ಓದಿದ ಸುದ್ದಿ. ಅದು 2018ರ ಒಂದು ಸಮೀಕ್ಷೆಯದು. ವುಡ್ರೋ ವಿಲ್ಸನ್ ಫೌಂಡೇಶನ್ ನಡೆಸಿದ ಆ ಸಮೀಕ್ಷೆಯಲ್ಲಿ ಉತ್ತೀರ್ಣರಾಗುವಷ್ಟು ಸರಿಯುತ್ತರ ಕೊಟ್ಟವರು ಶೇ. 36 ಮಂದಿ ಮಾತ್ರ. ವಲಸೆ ಬಂದು ಪೌರತ್ವ ಕೇಳುವವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಜನ ಅದೇ ಪರೀಕ್ಷೆಯಲ್ಲಿ ಪಾಸಾಗುತ್ತಾರೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನಗುವವರನ್ನು ನಾನು ಬಹಳ ನೋಡಿದ್ದೇನೆ. ಈ ಹೋಲಿಕೆ ನ್ಯಾಯವಾದುದಲ್ಲ. ನಮ್ಮ ಕೈಗೆ ನೂರು ಪ್ರಶ್ನೆ, ನೂರು ಉತ್ತರಗಳನ್ನು ಮೊದಲೇ ಕೊಟ್ಟಿರುತ್ತಾರೆ. ಅಧಿಕಾರಿ ಎದುರಿಗೆ ಕುಳಿತು ಅವುಗಳಲ್ಲಿ ಹತ್ತನ್ನು ಬಾಯಲ್ಲಿ ಕೇಳುತ್ತಾರೆ, ಆರು ಸರಿಯಾದರೆ ಸಾಕು. (2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕುವವರಿಗೆ ನಿಯಮ ಬದಲಾಗಿದೆ. ಈಗ 128 ಪ್ರಶ್ನೆಗಳ ಪಟ್ಟಿ, ಕೇಳುವುದು ಇಪ್ಪತ್ತು, ಹನ್ನೆರಡು ಸರಿಯಿರಬೇಕು.) ನಾನು ಆ ನೂರನ್ನು ಎಸ್ಸೆಸ್ಸೆಲ್ಸಿಗೆ ಓದಿದ ಹಾಗೆಯೇ ಬಾಯಿಪಾಠ ಮಾಡಿದೆ. ಸಂವಿಧಾನಕ್ಕೆ ಎಷ್ಟು ತಿದ್ದುಪಡಿಗಳು? ಇಪ್ಪತ್ತೇಳು. ಧ್ವಜದಲ್ಲಿ ಹದಿಮೂರು ಪಟ್ಟೆಗಳೇಕೆ? ಮೊದಲಿದ್ದ ಹದಿಮೂರು ವಸಾಹತುಗಳ ನೆನಪಿಗೆ. ಬಾಸ್ಟನ್ನಿನ ಫ್ಯಾನಿಯಲ್ ಹಾಲ್‌ನಲ್ಲಿ ಬಲಗೈ ಎತ್ತಿ ಪ್ರಮಾಣವಚನ ಸ್ವೀಕರಿಸಿದಾಗ ಕಣ್ಣು ತುಂಬಿ ಬಂದಿತ್ತು.

ಆ ನೂರು ಉತ್ತರಗಳ ಬೆಲೆ ಎಷ್ಟೆಂದು ತಿಳಿದದ್ದು ಎರಡು ವರ್ಷಗಳ ನಂತರ. ನಮ್ಮ ಮನೆಗೂ ಶಾಲಾ ಬಸ್ ನಿಲ್ಲುವ ಜಾಗಕ್ಕೂ ನಡುವೆ ಒಂದು ಅಗಲವಾದ ರಸ್ತೆ ಇದೆ. ವಾಹನಗಳು ಬಾಣದಂತೆ ಬರುತ್ತವೆ, ಮಕ್ಕಳು ದಾಟಲು ಜೀಬ್ರಾ ಕ್ರಾಸಿಂಗ್ ಇರಲಿಲ್ಲ. ನಾನು ವಾಷಿಂಗ್ಟನ್ನಿನಲ್ಲಿರುವ ನಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಪತ್ರ ಬರೆದೆ. ಏಕೆಂದರೆ ನನಗೆ ಗೊತ್ತಿದ್ದ ಹೆಸರು ಅದೊಂದೇ, ಪರೀಕ್ಷೆಗೆ ಕಲಿತಿದ್ದೆನಲ್ಲ. ಇದು ಊರಿನ ಆಡಳಿತಕ್ಕೆ ಸಂಬಂಧಿಸಿದ್ದು ಎಂದು ಅಲ್ಲಿಂದ ಸೌಜನ್ಯದ ಉತ್ತರ ಬಂತು. ಊರಿನ ಕಚೇರಿಯಲ್ಲಿ ಕೇಳಿದರೆ ಆ ರಸ್ತೆ ರಾಜ್ಯದ ಹೆದ್ದಾರಿ ಇಲಾಖೆಯದು ಎಂದರು. ಎಂಟು ತಿಂಗಳು ಹೀಗೇ ಕಳೆಯಿತು. ಕೊನೆಗೆ ದಾರಿ ತೋರಿಸಿದವರು ಪಕ್ಕದ ಮನೆಯ ಹಿರಿಯ ಮಹಿಳೆ. ಊರಿನ ಆಡಳಿತ ಮಂಡಳಿಯ ಮುಂದೆ ಮೊದಲು ವಿಷಯ ಇಡಬೇಕು, ಮಂಡಳಿ ಒಪ್ಪಿ ರಾಜ್ಯಕ್ಕೆ ಬರೆಯಬೇಕು, ಸಭೆ ಎರಡು ವಾರಕ್ಕೊಮ್ಮೆ ಸೋಮವಾರ ಸಂಜೆ ನಡೆಯುತ್ತದೆ, ಯಾರು ಬೇಕಾದರೂ ಹೋಗಿ ಮಾತನಾಡಬಹುದು ಎಂದು ಅವರು ವಿವರಿಸಿದರು. ಆಮೇಲೆ ಮನೆಗೆ ಬಂದು ನನ್ನ ಹಳೆಯ ಪ್ರಶ್ನೆಗಳ ಪುಸ್ತಿಕೆಯನ್ನು ತೆಗೆದು ನೋಡಿದೆ. ನೂರು ಪ್ರಶ್ನೆಗಳಲ್ಲಿ ಅಧ್ಯಕ್ಷರ ಬಗ್ಗೆ ಇದೆ, ಸೆನೆಟ್ ಬಗ್ಗೆ ಇದೆ, ರಾಜ್ಯದ ಗವರ್ನರ್ ಯಾರು ಎಂದೂ ಇದೆ. ಊರನ್ನು ಯಾರು ನಡೆಸುತ್ತಾರೆ ಎಂಬ ಬಗ್ಗೆ ಒಂದೂ ಇಲ್ಲ.

ಆ ಹಿರಿಯರೇ ನನ್ನನ್ನು ಮೊದಲ ಬಾರಿಗೆ ಟೌನ್ ಮೀಟಿಂಗ್‌ಗೆ ಕರೆದುಕೊಂಡು ಹೋದರು. ಇದನ್ನು ನೀವು ನೋಡಬೇಕು. ನ್ಯೂ ಇಂಗ್ಲೆಂಡಿನ, ಅಂದರೆ ನಮ್ಮ ರಾಜ್ಯವೂ ಸೇರಿದ ಈಶಾನ್ಯ ಭಾಗದ, ಸಣ್ಣ ಊರುಗಳಲ್ಲಿ ವಸಾಹತು ಕಾಲದಿಂದ ನಡೆದು ಬಂದಿರುವ ಪದ್ಧತಿ ಇದು. ವರ್ಷದ ಬಜೆಟ್ಟನ್ನು, ಊರಿನ ಉಪನಿಯಮಗಳನ್ನು ಒಪ್ಪುವವರು ಸ್ವತಃ ಮತದಾರರು. ಶಾಲೆಯ ಸಭಾಂಗಣದಲ್ಲಿ ಸೇರುತ್ತಾರೆ. ಪ್ರತಿಯೊಬ್ಬರ ಕೈಯಲ್ಲಿ ಒಂದು ಬಣ್ಣದ ಚೀಟಿ. ಅಗ್ನಿಶಾಮಕ ವಾಹನ ಕೊಳ್ಳಬೇಕೇ, ಗ್ರಂಥಾಲಯದ ಛಾವಣಿ ರಿಪೇರಿಗೆ ಹಣ ಕೊಡಬೇಕೇ ಎಂದು ಒಂದೊಂದೇ ವಿಷಯವನ್ನು ಓದುತ್ತಾರೆ, ವಾದ ನಡೆಯುತ್ತದೆ, ಚೀಟಿ ಎತ್ತುತ್ತಾರೆ, ಎಣಿಸುತ್ತಾರೆ. ನಮ್ಮ ಗ್ರಾಮಸಭೆಯನ್ನು ನೆನೆಸಿಕೊಳ್ಳಿ, ಅದಕ್ಕೆ ಖಜಾನೆಯ ಬೀಗದ ಕೈಯನ್ನೂ ಕೊಟ್ಟಂತೆ. ಇಷ್ಟು ನೇರವಾದ ಅಧಿಕಾರ ಕೈಯಲ್ಲಿದ್ದರೂ ಅಂದು ಸಭಾಂಗಣದ ಮುಕ್ಕಾಲು ಭಾಗ ಖಾಲಿಯಿತ್ತು. ಬಂದವರಲ್ಲಿ ಹೆಚ್ಚಿನವರು ತಲೆ ನರೆತವರು. ನನ್ನನ್ನು ನಿಜವಾಗಿ ಕಾಡಿದ್ದು ಆ ಖಾಲಿ ಕುರ್ಚಿಗಳು.

ಈಗ ದೇಶದ ಮಟ್ಟದ ಲೆಕ್ಕಕ್ಕೆ ಬರುತ್ತೇನೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆ್ಯನೆನ್‌ಬರ್ಗ್ ಕೇಂದ್ರ ಪ್ರತಿ ವರ್ಷ ಸಂವಿಧಾನ ದಿನದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ 17ರ ಆಸುಪಾಸಿನಲ್ಲಿ, ವಯಸ್ಕರ ಸಮೀಕ್ಷೆಯನ್ನು ಪ್ರಕಟಿಸುತ್ತದೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರನ್ನೂ ಹೆಸರಿಸಬಲ್ಲವರು 2016ರಲ್ಲಿ ಶೇ. 26 ಮಾತ್ರ ಇದ್ದರು. 2024ರಲ್ಲಿ ಅವರು ಶೇ. 65. ಆದ್ದರಿಂದ ‘ದಿನದಿಂದ ದಿನಕ್ಕೆ ಅಜ್ಞಾನ ಹೆಚ್ಚುತ್ತಿದೆ’ ಎಂಬ ಮಾತು ಸರಿಯಲ್ಲ. ಈ ನಡುವೆ ಅಧ್ಯಕ್ಷರೊಬ್ಬರ ಮೇಲೆ ಎರಡು ಬಾರಿ ಮಹಾಭಿಯೋಗ ನಡೆಯಿತು, ಚುನಾವಣೆಯ ಫಲಿತಾಂಶವೇ ನ್ಯಾಯಾಲಯದ ಮೆಟ್ಟಿಲೇರಿತು, ಟಿ.ವಿ. ಮುಂದೆ ಕುಳಿತವರು ಮೂರು ಅಂಗಗಳ ಹೆಸರನ್ನು ಸುದ್ದಿಯಿಂದಲೇ ಕಲಿತಿರಬೇಕು ಎಂದು ನನ್ನ ಊಹೆ. ಇನ್ನೊಂದು ಪ್ರಶ್ನೆ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಸಂವಿಧಾನದ ಮೊದಲನೇ ತಿದ್ದುಪಡಿ ಐದು ಹಕ್ಕುಗಳನ್ನು ಕಾಯುತ್ತದೆ: ಮಾತು, ಧರ್ಮ, ಪತ್ರಿಕೆ, ಸಭೆ ಸೇರುವುದು, ಸರ್ಕಾರಕ್ಕೆ ಅಹವಾಲು ಸಲ್ಲಿಸುವುದು. 2024ರಲ್ಲಿ ಮಾತಿನ ಹಕ್ಕನ್ನು ಹೇಳಿದವರು ಶೇ. 74, ಐದನ್ನೂ ಹೇಳಿದವರು ಶೇ. 7. ತೀರಾ ಕಡಿಮೆ ಜನರಿಗೆ ನೆನಪಾಗುವುದು ಕೊನೆಯದು, ಅಹವಾಲಿನ ಹಕ್ಕು. ಜೀಬ್ರಾ ಕ್ರಾಸಿಂಗ್ ಕೇಳುವ ಹಕ್ಕು ಎಂದರೆ ಅದೇ.

ಮಕ್ಕಳ ಕಥೆ ಇದಕ್ಕಿಂತ ಚಿಂತೆ ಹುಟ್ಟಿಸುತ್ತದೆ. ಎಂಟನೇ ತರಗತಿಯವರಿಗೆ ಕೆಲವು ವರ್ಷಗಳಿಗೊಮ್ಮೆ ರಾಷ್ಟ್ರಮಟ್ಟದ ಪೌರನೀತಿ ಮೌಲ್ಯಮಾಪನ ನಡೆಯುತ್ತದೆ. 2022ರಲ್ಲಿ ಸರಾಸರಿ ಅಂಕ ಕುಸಿಯಿತು. 1998ರಿಂದ ಅಂಥ ಕುಸಿತ ಅದೇ ಮೊದಲು. ‘ಪ್ರವೀಣ’ ಎಂಬ ಮಟ್ಟ ಮುಟ್ಟಿದವರು ಶೇ. 22. ಆ ಮಟ್ಟ ಬರೀ ಪಾಸಿಗಿಂತ ಮೇಲಿನದು, ಆ ಮಕ್ಕಳು ಕೋವಿಡ್ ಕಾಲದಲ್ಲಿ ಮನೆಯಿಂದ ಪಾಠ ಕೇಳಿದವರು. ಈ ಎರಡನ್ನೂ ಗಮನದಲ್ಲಿ ಇಟ್ಟುಕೊಂಡರೂ ಸಮಾಧಾನ ಸಿಗುವುದಿಲ್ಲ. ಪೌರನೀತಿಗೆಂದೇ ಇರುವ ತರಗತಿಯಲ್ಲಿ ಕುಳಿತಿದ್ದೇವೆ ಎಂದು ಹೇಳಿದ ಮಕ್ಕಳು ಸುಮಾರು ಅರ್ಧದಷ್ಟು.

ಅಂದರೆ ‘ಕಲಿಸುವುದೇ ಇಲ್ಲವೇ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ, ಮಗು ಓದುವ ರಾಜ್ಯದ ಮೇಲೆ ನಿಂತಿದೆ. ಇಲ್ಲಿ ಶಿಕ್ಷಣ ರಾಜ್ಯಗಳ ವಿಷಯ, ಅದರ ಕೆಳಗೆ ಸುಮಾರು 13,000 ಶಾಲಾ ಜಿಲ್ಲೆಗಳು, ಅಂದರೆ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕಗಳು. ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಎಂಬುದಿಲ್ಲ. 2002ರಲ್ಲಿ ಸಹಿ ಬಿದ್ದ ಒಂದು ಕೇಂದ್ರ ಕಾನೂನು ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಪರೀಕ್ಷೆ ಇರುವ ವಿಷಯಕ್ಕೆ ಪೀರಿಯಡ್ ಹೆಚ್ಚಿತು, ಸಮಾಜ ವಿಜ್ಞಾನದ ಪೀರಿಯಡ್ ಕರಗಿತು. ನಮ್ಮಲ್ಲಿ ಪರೀಕ್ಷೆಯ ತಿಂಗಳಲ್ಲಿ ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ತೆಗೆದುಕೊಳ್ಳುವುದನ್ನು ಕಂಡವರಿಗೆ ಇದು ಹೊಸತಲ್ಲ. ಹಣದ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರ ವಿಜ್ಞಾನ, ಗಣಿತ, ತಂತ್ರಜ್ಞಾನದ ಕಲಿಕೆಗೆ ವಿದ್ಯಾರ್ಥಿಯೊಬ್ಬರಿಗೆ ವರ್ಷಕ್ಕೆ ಸುಮಾರು 50 ಡಾಲರ್, ಪೌರನೀತಿಗೆ 5 ಸೆಂಟ್ ಖರ್ಚು ಮಾಡುತ್ತಿತ್ತು ಎಂದು 2021ರಲ್ಲಿ ವಿದ್ವಾಂಸರ, ಶಿಕ್ಷಕರ ಒಂದು ದೊಡ್ಡ ತಂಡ ವರದಿ ಕೊಟ್ಟಿತು. ಸಾವಿರಕ್ಕೆ ಒಂದು ಪಾಲು.

ಪಕ್ಕದ ರೋಡ್ ಐಲೆಂಡ್ ರಾಜ್ಯದ ವಿದ್ಯಾರ್ಥಿಗಳು 2018ರಲ್ಲಿ ಇದನ್ನೇ ಕೋರ್ಟಿಗೆ ಒಯ್ದರು. ಪೌರರಾಗಲು ಬೇಕಾದ ಶಿಕ್ಷಣವನ್ನು ರಾಜ್ಯ ನಮಗೆ ಕೊಡುತ್ತಿಲ್ಲ, ಇದು ಸಂವಿಧಾನದ ಉಲ್ಲಂಘನೆ ಎಂಬುದು ಅವರ ದೂರು. ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಅಮೆರಿಕದ ಸಂವಿಧಾನ ಹೇಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ತೀರ್ಪು ಕೊಟ್ಟಿತ್ತು. ನ್ಯಾಯಾಧೀಶ ವಿಲಿಯಂ ಸ್ಮಿತ್ 2020ರ ಅಕ್ಟೋಬರ್‌ನಲ್ಲಿ ಅರ್ಜಿಯನ್ನು ವಜಾ ಮಾಡಲೇಬೇಕಾಯಿತು. ಆದರೆ ಅವರು ಆ ಮಕ್ಕಳನ್ನು ಗದರಲಿಲ್ಲ. ಇದು ಒಂದು ತಲೆಮಾರು ಸಹಾಯಕ್ಕಾಗಿ ಇಟ್ಟ ಮೊರೆ ಎಂದೂ, ಅವರಿಗೆ ಬಿಟ್ಟುಹೋಗಬೇಕಾದ ದೇಶವನ್ನು ನಮ್ಮ ತಲೆಮಾರು ಚೆನ್ನಾಗಿ ನೋಡಿಕೊಳ್ಳುತ್ತಿಲ್ಲ ಎಂದೂ ತೀರ್ಪಿನಲ್ಲೇ ಬರೆದರು. ಮೇಲ್ಮನವಿಯೂ ಸೋತಿತು. 2022ರಲ್ಲಿ ರಾಜ್ಯ ರಾಜಿಗೆ ಬಂದು, ಪೌರಶಿಕ್ಷಣಕ್ಕಾಗಿ ಒಂದು ಕಾರ್ಯಪಡೆ ರಚಿಸಲು ಒಪ್ಪಿತು. ಪೌರನೀತಿ ಕಲಿಸಲಿಲ್ಲ ಎಂದು ದೂರಿದ ಮಕ್ಕಳು ಸರ್ಕಾರದ ವಿರುದ್ಧ ದಾವೆ ಹೂಡಿ ಅದನ್ನು ಕಲಿತರು. ಅವರ ಬಗ್ಗೆ ನನಗೆ ಅಪಾರ ಗೌರವ.

ಪರಿಹಾರವಾಗಿ ಹಲವು ರಾಜ್ಯಗಳು ಹಿಡಿದಿರುವ ಸುಲಭದ ದಾರಿ ಎಂದರೆ ಪರೀಕ್ಷೆ. 2015ರಲ್ಲಿ ಅರಿಝೋನ ಮೊದಲು ಶುರು ಮಾಡಿತು: ಪೌರತ್ವ ಪರೀಕ್ಷೆಯ ಅದೇ ಪ್ರಶ್ನೆಗಳಲ್ಲಿ ಪಾಸಾಗದಿದ್ದರೆ ಹೈಸ್ಕೂಲ್ ಪದವಿ ಇಲ್ಲ. ಅಂಥ ಕಡ್ಡಾಯದ ಮೇಲೆ ನನಗೆ ನಂಬಿಕೆ ಇಲ್ಲ. ಆ ಪ್ರಶ್ನೆಗಳಲ್ಲಿ ಪಾಸಾಗಿ ಎಂಟು ತಿಂಗಳು ತಪ್ಪು ಬಾಗಿಲು ತಟ್ಟಿದವನು ನಾನು.

ಪರೀಕ್ಷೆ ಎಂಬುದಕ್ಕೆ ಈ ದೇಶದಲ್ಲಿ ಇನ್ನೂ ಕಹಿಯಾದ ಇತಿಹಾಸವಿದೆ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಯಿಂದ ಹೊರಗಿಡಲು ಬಳಸಿದ ಆಯುಧಗಳಲ್ಲಿ ಒಂದು, ಸಂವಿಧಾನ ಓದಿ ತೋರಿಸಿ ಎಂಬ ಅಕ್ಷರ ಪರೀಕ್ಷೆ. ಸೌತ್ ಕ್ಯಾರೊಲಿನದ ಜಾನ್ಸ್ ದ್ವೀಪದಲ್ಲಿ ಈಸಾ ಜೆಂಕಿನ್ಸ್ ಎಂಬವರು ಕೂಲಿಕಾರರನ್ನು ತಮ್ಮ ಬಸ್ಸಿನಲ್ಲಿ ಚಾರ್ಲ್ಸ್‌ಟನ್‌ಗೆ ಕರೆದೊಯ್ಯುತ್ತಿದ್ದರು. ಅವರ ಬಸ್ಸಿನಲ್ಲಿ ಬರುತ್ತಿದ್ದ ಹೆಂಗಸೊಬ್ಬರು, ನನಗೆ ಆ ಸಂವಿಧಾನದ ಭಾಗ ಓದಲು ಕಲಿಸಿಕೊಡಿ, ನಾನು ಮತ ಹಾಕಬೇಕು ಎಂದು ಕೇಳಿದರು. 1957ರ ಜನವರಿಯಲ್ಲಿ ಒಂದು ಸಹಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ರಾತ್ರಿ ಶಾಲೆ ಆರಂಭವಾಯಿತು. ಅದನ್ನು ಕಟ್ಟಿದ ಸೆಪ್ಟಿಮಾ ಕ್ಲಾರ್ಕ್, ಕಪ್ಪು ಜನರ ಹಕ್ಕಿಗೆ ಹೋರಾಡುವ ಸಂಘದ ಸದಸ್ಯತ್ವ ಬಿಡಲು ಒಪ್ಪದೆ ಶಿಕ್ಷಕಿಯ ಕೆಲಸ ಕಳೆದುಕೊಂಡಿದ್ದವರು. ಪಾಠ ಹೇಳಲು ಅವರು ಆರಿಸಿದ್ದು ಬರ್ನೀಸ್ ರಾಬಿನ್ಸನ್ ಎಂಬ ಕೇಶಾಲಂಕಾರದ ವೃತ್ತಿಯವರನ್ನು. ಶಿಕ್ಷಕರ ಗತ್ತು ಇಲ್ಲದವರು ಬೇಕಾಗಿತ್ತು. ಏನು ಕಲಿಯಬೇಕು ಎಂದು ರಾಬಿನ್ಸನ್ ಬಂದವರನ್ನೇ ಕೇಳಿದರು. ಹೆಸರು ಬರೆಯುವುದು, ಮನಿ ಆರ್ಡರ್ ತುಂಬುವುದು, ಅದರ ಜೊತೆಗೇ ನೋಂದಣಿಗೆ ಬೇಕಾದ ಸಂವಿಧಾನದ ಸಾಲುಗಳು. ಇಂಥ ಶಾಲೆಗಳು ದಕ್ಷಿಣದುದ್ದಕ್ಕೂ ಹಬ್ಬಿದವು. 1965ರ ಮತದಾನ ಹಕ್ಕು ಕಾಯ್ದೆ ಆ ರಾಜ್ಯಗಳಲ್ಲಿ ಅಕ್ಷರ ಪರೀಕ್ಷೆಗಳಿಗೆ ತಡೆ ಹಾಕಿತು. ಪೌರನೀತಿಯ ಪಾಠ ಎಂದರೆ ನನ್ನ ಕಣ್ಣ ಮುಂದೆ ಬರುವುದು ಆ ಅಂಗಡಿಯ ಹಿಂದಿನ ಕೋಣೆ.

ನಮ್ಮ ರಾಜ್ಯ 2018ರಲ್ಲಿ ಮಾಡಿದ ಕಾನೂನು ಆ ದಾರಿಗೆ ಹತ್ತಿರದ್ದು. ಎಂಟನೇ ತರಗತಿಯಲ್ಲಿ ಒಮ್ಮೆ, ಹೈಸ್ಕೂಲಿನಲ್ಲಿ ಒಮ್ಮೆ ವಿದ್ಯಾರ್ಥಿಗಳೇ ಮುನ್ನಡೆಸುವ ಪೌರ ಯೋಜನೆಗೆ, ಅಂದರೆ ಸಾರ್ವಜನಿಕ ವಿಷಯವೊಂದನ್ನು ಆರಿಸಿಕೊಂಡು ಮಾಡುವ ಕೆಲಸಕ್ಕೆ, ಅವಕಾಶ ಕೊಡಲೇಬೇಕು. ಟೆಕ್ಸಸ್ 2021ರಲ್ಲಿ ಇದಕ್ಕೆ ವಿರುದ್ಧ ದಿಕ್ಕು ಹಿಡಿಯಿತು: ಶಾಸಕರನ್ನು ಕಂಡು ಇಂಥದ್ದನ್ನು ಮಾಡಿ ಎಂದು ಒತ್ತಾಯಿಸುವ ಕೆಲಸಕ್ಕೆ ಶಾಲೆ ಅಂಕ ಕೊಡುವಂತಿಲ್ಲ. ಶಿಕ್ಷಕರು ತಮ್ಮ ರಾಜಕೀಯವನ್ನು ಮಕ್ಕಳ ಕೈಯಲ್ಲಿ ಮಾಡಿಸಿಬಿಟ್ಟಾರು ಎಂಬ ಭಯ ಅದರ ಹಿಂದಿದೆ. ಆ ಭಯ ಪೂರ್ತಿ ಹುಸಿಯೆಂದು ನಾನು ಹೇಳಲಾರೆ; ವಿಷಯವನ್ನು ಮಕ್ಕಳೇ ಆರಿಸಬೇಕು, ಎದುರು ಪಕ್ಷದವರನ್ನೂ ಮಾತನಾಡಿಸಿ ಬರಬೇಕು. ಆದರೆ ಈಜು ಕಲಿಸುವಾಗ ನೀರಿಗೆ ಇಳಿಯಬೇಡ ಎನ್ನಲು ಸಾಧ್ಯವೇ?

ಶಾಲೆಯ ಈ ಪೌರ ಯೋಜನೆಗೆ ಮಗಳ ಗುಂಪು ಆರಿಸಿದ ವಿಷಯ, ಶಾಲೆ ಮುಗಿದ ಮೇಲೆ ಆಟಕ್ಕೆ, ಸಂಗೀತಕ್ಕೆ ಉಳಿಯುವ ಮಕ್ಕಳಿಗೆ ಸಂಜೆಯ ಬಸ್. ಇಬ್ಬರೂ ದುಡಿಯುವ ತಂದೆ ತಾಯಿಯ ಮಕ್ಕಳು ಬಸ್ ಇಲ್ಲವೆಂದು ಎಲ್ಲವನ್ನೂ ಬಿಟ್ಟು ಮನೆಗೆ ಹೋಗುತ್ತಿದ್ದರು. ಬಸ್ಸಿನ ಗುತ್ತಿಗೆ ಯಾರ ಕೈಯಲ್ಲಿದೆ ಎಂದು ತಿಳಿಯಲು ಅವರಿಗೆ ಎರಡು ವಾರ ಹಿಡಿಯಿತು, ನನಗೆ ಹಿಡಿದಂತೆ ಎಂಟು ತಿಂಗಳಲ್ಲ. ಶಾಲಾ ಸಮಿತಿಯ ಮುಂದೆ ಮೂರು ನಿಮಿಷ ಮಾತನಾಡಿದರು. ಹಣ ಇಲ್ಲ ಎಂಬ ಉತ್ತರ ಬಂತು. ಮರುವರ್ಷ ಬಜೆಟ್ಟಿನಲ್ಲಿ ವಾರಕ್ಕೆ ಎರಡು ದಿನದ ಬಸ್ಸಿಗೆ ಒಂದು ಸಾಲು ಸೇರಿತು. ಅದು ಟೌನ್ ಮೀಟಿಂಗ್‌ನಲ್ಲಿ ಒಪ್ಪಿಗೆ ಪಡೆಯಬೇಕಿತ್ತು. ಆ ಸಂಜೆ ಕೆಲಸದಿಂದ ಬಂದು ಸುಸ್ತಾಗಿ ಮಲಗಿದ್ದ ನನ್ನನ್ನು ಎಬ್ಬಿಸಿ ಕರೆದುಕೊಂಡು ಹೋದವಳು ಅವಳೇ. ಮತದಾರರಲ್ಲದವರಿಗೆ ಮೀಸಲಾದ ಸಾಲಿನಲ್ಲಿ ಕುಳಿತು, ಬಜೆಟ್ಟಿನ ಆ ಪುಟ ಬಂದಾಗ ನನ್ನ ಚೀಟಿ ಮೇಲೇಳುತ್ತದೆಯೋ ಇಲ್ಲವೋ ಎಂದು ಕತ್ತು ಚಾಚಿ ನೋಡುತ್ತಿದ್ದಳು.