ಕ್ಲಿಪ್ಪು ಇರಲಿ, ಎದುರು ಕೂರೋರು ಯಾರು?

ಸಿರುಗುಪ್ಪದಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ತಮ್ಮ ಅದಿರು ಲಾರಿ ಓಡಿಸುತ್ತಿದ್ದ. ಸಂಡೂರು ಕಡೆ ಲಾರಿ ಪಲ್ಟಿಯಾಗಿ ಪಕ್ಕದಲ್ಲಿದ್ದ ಕ್ಲೀನರ್ ಹುಡುಗ ತೀರಿಕೊಂಡ. ವರ್ಷವಾದರೂ ತಮ್ಮ ರಾತ್ರಿ ಚೀರಿ ಏಳುತ್ತಾನೆ, ಸ್ಟೇರಿಂಗ್ ಮುಟ್ಟುವುದಿಲ್ಲ. ತಾಯತ ಆಯಿತು, ಮಾತ್ರೆ ನಡೆದಿದೆ. ಈಗ ಕಿವಿಗೆ ಸಿಕ್ಕಿಸಿ ನರಕ್ಕೆ ಕರೆಂಟ್ ಕೊಡುವ ಮಷೀನು ಮೊಬೈಲಿನ ವಿಡಿಯೊದಲ್ಲಿ ಕಂಡಿದೆ. ತರಿಸಲೇ, ಅಂತ ಕೇಳಿದ್ದಾರೆ.

ಅಣ್ಣಾ, ಸುದ್ದಿ ಪೂರ್ತಿ ಸುಳ್ಳಲ್ಲ. ಮಿದುಳಿನ ಬುಡದಿಂದ ಕುತ್ತಿಗೆಯಲ್ಲಿ ಇಳಿದು ಹೊಟ್ಟೆವರೆಗೆ ಹೋಗುವ ವೇಗಸ್ ಅನ್ನೋ ನರ ಇದೆ. ಅದಕ್ಕೆ ಮಿಡಿತ ಕೊಡುವ ಯಂತ್ರವನ್ನು ಮೂರ್ಛೆರೋಗಕ್ಕೆ ಬಳಸಲು ಅಮೆರಿಕ 1997ರಲ್ಲೇ ಒಪ್ಪಿದೆ. ನಿಮ್ಮ ತಮ್ಮನಿಗಿರುವಂಥ ತೊಂದರೆಗೆ, ಅಂದರೆ ದೊಡ್ಡ ಆಘಾತದ ನಂತರ ಮನಸ್ಸನ್ನು ಬಿಡದೆ ಕಾಡುವ ಪಿಟಿಎಸ್‌ಡಿಗೆ, ಟೆಕ್ಸಾಸಿನವರು 9 ಜನರ ಮೇಲೆ ಅದನ್ನು ಪ್ರಯೋಗಿಸಿ 2025ರಲ್ಲಿ ಪ್ರಕಟಿಸಿದರು. ಆರು ತಿಂಗಳಾದ ಮೇಲೂ ಒಬ್ಬರಲ್ಲೂ ಕಾಯಿಲೆ ಇದೆ ಅನ್ನುವಷ್ಟು ಲಕ್ಷಣ ಉಳಿದಿರಲಿಲ್ಲ. ಒಂಬತ್ತೇ ಜನ, ಹೋಲಿಸಿ ನೋಡಲು ಬೇರೆ ಗುಂಪಿರಲಿಲ್ಲ, ಆದರೂ ಸಂತೋಷವೇ.

ಆದರೆ ವಿಡಿಯೊದವನು ನುಂಗಿದ ಮಾತು ಬೇರೆ ಇದೆ. ಅದು ಕಿವಿಯ ಕ್ಲಿಪ್ಪಲ್ಲ, ಆಪರೇಷನ್ ಮಾಡಿ ಕುತ್ತಿಗೆಯೊಳಗೆ ಇಟ್ಟದ್ದು. ಇಟ್ಟು ಮನೆಗೆ ಕಳಿಸಲೂ ಇಲ್ಲ. 12 ಸಲ ಚಿಕಿತ್ಸಕರ ಎದುರು ಕೂರಿಸಿ ಆದದ್ದನ್ನೆಲ್ಲ ಹೇಳಿಸಿದರು, ಮಿಡಿತ ಕೊಟ್ಟದ್ದು ಆ ಹೇಳೋ ಹೊತ್ತಿನಲ್ಲೇ. ಯಂತ್ರ ಹಿಂದಿನಿಂದ ತಳ್ಳಿತು, ಅಷ್ಟೇ.

ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವವರೊಬ್ಬರು ಬಸ್ ಅಪಘಾತದಲ್ಲಿ ಉಳಿದು ಬಂದರು. ಹೊರಗೆ ಏರ್‌ಹಾರ್ನ್ ಕೇಳಿದರೆ ಸಾಕು, ಗೋಂದಿನ ಬ್ರಷ್ಷು ಕೈಯಲ್ಲೇ ಒಣಗುತ್ತಿತ್ತು. ಧೈರ್ಯ ತಂದುಕೊಳ್ಳಿ ಅಂತ ನಾವೆಲ್ಲ ಉಪದೇಶ ಮಾಡಿದೆವು, ನಾನೇ ಜಾಸ್ತಿ. ಕೊನೆಗೆ ವಾರಕ್ಕೊಮ್ಮೆ ಒಬ್ಬರು ಸುಮ್ನೆ ಕೂತು ಅವರ ಮಾತು ಕೇಳಿದರು, ಕಲಿತವರು. ಈಗ ಹೊಸಪೇಟೆ ಬಸ್ಸು ಹತ್ತುತ್ತಾರೆ. ಕಿಟಕಿ ಸೀಟು ಮಾತ್ರ ಬೇಡ ಅಂತಾರೆ.

ನಿಮ್ಮ ನಾಲ್ಕು ಪುಟದಲ್ಲಿ ಮಷೀನಿನ ರೇಟು, ಕಂತು ಎಲ್ಲ ಇದೆ. ತಮ್ಮ ಏನು ಹೇಳುತ್ತಾನೆ ಅನ್ನೋದು ಒಂದು ಸಾಲೂ ಇಲ್ಲ, ಅಲ್ವಾ?

ನಿಮ್ಮೊಬ್ಬರನ್ನೇ ಬೈದು ಏನು ಬಂತು! ಹಳ್ಳಿ ಆಸ್ಪತ್ರೆಯ ಡಾಕ್ಟರಿಗೇ ಮನಸ್ಸಿನ ಕಾಯಿಲೆ ನೋಡೋದು ಕಲಿಸಬಹುದು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದನ್ನೇ ನೋಡಿ. ಆ ಊರಿನ ಜನ ಇವತ್ತು ಮೊದಲು ತಾಯತ, ಆಮೇಲೆ ಮೊಬೈಲು ಅಂತ ಓಡುತ್ತಾರೆ. ಅದಿರು ಎಷ್ಟು ಟನ್ ಹೋಯಿತು ಅಂತ ಕೇಳಿ, ಥಟ್ಟನೆ ಹೇಳುತ್ತಾರೆ. ನಿದ್ದೆ ಕೆಟ್ಟ ಡ್ರೈವರುಗಳು ಎಷ್ಟು ಜನ ಅಂತ ಕೇಳಿ ನೋಡಿ!

ಮಷೀನಿನ ದುಡ್ಡು ಜೇಬಿನಲ್ಲೇ ಇರಲಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಮನೇಲಿ ಕೂರಿಸಿ ಕೆದಕಲೂ ಬೇಡಿ. 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನವರು ಸಿಗುತ್ತಾರೆ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಬನ್ನಿ. ಬರುವಾಗ ಬಸ್ಸಿನಲ್ಲಿ ಯಾವ ಸೀಟು ಬೇಕು ಅಂತ ಅವನನ್ನೇ ಕೇಳಿ.